ಪೈಲಟ್‌ಗೆ ಹಬ್ಬದ ರಜೆ ಕೊಡುವವರು ಯಾರು? ಸೀನಿಯಾರಿಟಿ ಪಟ್ಟಿಯ ಒಳಲೆಕ್ಕ

ಮಗನನ್ನೋ ಮಗಳನ್ನೋ ಪೈಲಟ್ ಮಾಡಬೇಕೆಂದು ಹೊರಟ ಕಲಬುರಗಿ, ಬೀದರ್ ಕಡೆಯ ಮನೆಗಳಲ್ಲಿ ಮೂರು ಪ್ರಶ್ನೆ ಖಾಯಂ. ತರಬೇತಿಗೆ ಖರ್ಚೆಷ್ಟು, ಮುಗಿದ ಮೇಲೆ ನೌಕರಿ ಸಿಗುತ್ತದೆಯೇ, ಪಗಾರ ಎಷ್ಟು. ಹಾರಾಟ ತರಬೇತಿ ಶಾಲೆಗಳಿಗೆ ಜಾಗ ಕೊಡಲು ವಿಮಾನ ನಿಲ್ದಾಣ ಪ್ರಾಧಿಕಾರ 2021ರಲ್ಲಿ ಆರಿಸಿದ ಐದು ನಿಲ್ದಾಣಗಳಲ್ಲಿ ಕಲಬುರಗಿಯೂ ಇತ್ತು. ಹಾಗಾಗಿ ಇದು ಈಗ ದೂರದ ಮಾತೇನಲ್ಲ. ಆದರೆ ನಾಲ್ಕನೆಯ ಪ್ರಶ್ನೆಯೊಂದಿದೆ, ಅದನ್ನು ಕೇಳುವವರು ಕಡಿಮೆ: ನೌಕರಿ ಸಿಕ್ಕ ಮೇಲೆ ತಿಂಗಳಲ್ಲಿ ಯಾವ ದಿನ ಹಾರಬೇಕು, ಯಾವ ರಾತ್ರಿ ಯಾವ ಊರಿನ ಹೋಟೆಲಿನಲ್ಲಿ ತಂಗಬೇಕು, ಜಾತ್ರೆಗೆ ಮನೆಗೆ ಬರಬಹುದೋ ಇಲ್ಲವೋ, ಇದನ್ನೆಲ್ಲ ತೀರ್ಮಾನಿಸುವವರು ಯಾರು?

ಅಮೆರಿಕದ ದೊಡ್ಡ ವಿಮಾನ ಕಂಪನಿಗಳಲ್ಲಿ ಇದನ್ನು ತೀರ್ಮಾನಿಸುವುದು ಒಂದು ನಂಬರು, ಅಂದರೆ ಸೀನಿಯಾರಿಟಿ ಪಟ್ಟಿಯಲ್ಲಿ ಪೈಲಟ್‌ನ ಸ್ಥಾನ. ಭಾರತದಲ್ಲಿ ಬಹುಮಟ್ಟಿಗೆ ಕಂಪನಿಯ ರೋಸ್ಟರ್ ವಿಭಾಗ. ಈ ಎರಡರ ನಡುವಿನ ಅಂತರ ಎಷ್ಟೆಂದು 2025ರ ಡಿಸೆಂಬರಿನಲ್ಲಿ ಇಂಡಿಗೋ ವಿಮಾನಗಳು ಸಾಲುಸಾಲಾಗಿ ರದ್ದಾದಾಗ ದೇಶಕ್ಕೇ ಕಂಡಿತು. ಹೈದರಾಬಾದಿಗೆ ಹೋಗಿ ವಿಮಾನ ಹತ್ತುವ ನಮ್ಮ ಭಾಗದ ಪ್ರಯಾಣಿಕರನ್ನೂ ಅದು ಬಿಡಲಿಲ್ಲ. ಹಾಗಾಗಿ ಈ ವ್ಯವಸ್ಥೆ ಹೇಗೆ ನಡೆಯುತ್ತದೆ ಎಂಬುದನ್ನು ಬುಡದಿಂದ ನೋಡುವುದು ಒಳ್ಳೆಯದು.

ನಂಬರು ಹೇಗೆ ಬರುತ್ತದೆ

ಅಮೆರಿಕದಲ್ಲಿ ಪೈಲಟ್ ಸಂಘಟನೆ ಹುಟ್ಟಿದ್ದು 1931ರಲ್ಲಿ. ರೈಲ್ವೆ ಕಾರ್ಮಿಕರಿಗೆಂದು 1926ರಲ್ಲಿ ಮಾಡಿದ್ದ ಕಾಯ್ದೆಯನ್ನು 1936ರಲ್ಲಿ ವಿಮಾನ ಕಂಪನಿಗಳಿಗೂ ಅನ್ವಯಿಸಿದರು. ಅಲ್ಲಿಂದ ಮುಂದೆ ಒಪ್ಪಂದದಿಂದ ಒಪ್ಪಂದಕ್ಕೆ ಗಟ್ಟಿಯಾಗುತ್ತ ಬಂದದ್ದೇ ಸೀನಿಯಾರಿಟಿ ಪಟ್ಟಿ. ಕಂಪನಿಗೆ ಸೇರಿದ ದಿನಾಂಕವೇ ಅದರ ಆಧಾರ. ಒಂದೇ ದಿನ ಒಂದೇ ಬ್ಯಾಚಿನಲ್ಲಿ ಸೇರಿದವರಲ್ಲಿ ಯಾರು ಮೇಲೆ ಎಂಬುದನ್ನು ಕೆಲವು ಕಂಪನಿಗಳು ವಯಸ್ಸಿನಿಂದ, ಕೆಲವು ಚೀಟಿ ಎತ್ತಿ ತೀರ್ಮಾನಿಸುತ್ತವೆ. ಹಾರಾಟದ ಕೌಶಲ, ಪರೀಕ್ಷೆಯ ಅಂಕ, ಮೇಲಧಿಕಾರಿಯ ಅಭಿಪ್ರಾಯ ಯಾವುದಕ್ಕೂ ಇಲ್ಲಿ ಜಾಗವಿಲ್ಲ.

ಮೇಲುನೋಟಕ್ಕೆ ಇದು ಪ್ರತಿಭೆಗೆ ಬೆಲೆ ಕೊಡದ ಪದ್ಧತಿ ಎನಿಸಬಹುದು. ಆದರೆ ಇದರ ಹಿಂದೆ ಸುರಕ್ಷತೆಯ ಲೆಕ್ಕವಿದೆ. ಹವಾಮಾನ ಕೆಟ್ಟಿದೆ, ಹಾರುವುದಿಲ್ಲ ಎಂದು ಕ್ಯಾಪ್ಟನ್ ಹೇಳಿದರೆ ಆ ಮಾತಿಗಾಗಿ ಮುಂದಿನ ತಿಂಗಳು ಅವನ ಮೇಲೆ ನಡುರಾತ್ರಿಯ ಟ್ರಿಪ್‌ಗಳು ಬೀಳಬಾರದು. ಟ್ರಿಪ್ ಹಂಚುವುದು ಮ್ಯಾನೇಜರನ ಕೈಯಲ್ಲಿದ್ದರೆ ಆ ಭಯ ಇದ್ದೇ ಇರುತ್ತದೆ. ಪಟ್ಟಿಯ ಕೈಯಲ್ಲಿದ್ದರೆ ಇರುವುದಿಲ್ಲ. ಈ ಒಂದು ಕಾರಣಕ್ಕಾಗಿಯೇ ಇದರ ಉಳಿದ ಕೊರತೆಗಳನ್ನು ತಾಳಿಕೊಳ್ಳಬಹುದು.

ನಂಬರು ಮೇಲಕ್ಕೆ ಸರಿಯುವುದು ಮೇಲಿನವರು 65ಕ್ಕೆ ನಿವೃತ್ತರಾದಾಗ, ಬಿಟ್ಟುಹೋದಾಗ, ಇಲ್ಲವೇ ವೈದ್ಯಕೀಯ ಪರೀಕ್ಷೆಯಲ್ಲಿ ಅನರ್ಹರಾದಾಗ ಮಾತ್ರ. ಒಬ್ಬರನ್ನು ಹಿಂದಿಕ್ಕಿ ಮುಂದೆ ಹೋಗುವ ದಾರಿಯೇ ಇಲ್ಲ. ಹಾಗಿದ್ದರೆ ಪೈಪೋಟಿ ಎಲ್ಲಿದೆ? ಮೊದಲ ಪೈಪೋಟಿ ಯಾವ ಗುಂಪಿನಲ್ಲಿ ಇರಬೇಕು ಎಂಬುದರಲ್ಲಿ. ತಿಂಗಳ ಟ್ರಿಪ್‌ಗಳನ್ನು ಇಡೀ ಕಂಪನಿಯವರು ಒಟ್ಟಿಗೆ ಹಂಚಿಕೊಳ್ಳುವುದಿಲ್ಲ. ಒಂದು ಬೇಸ್ (ಪೈಲಟ್ ಡ್ಯೂಟಿ ಶುರುಮಾಡುವ ನಿಲ್ದಾಣ), ಒಂದು ಮಾದರಿಯ ವಿಮಾನ, ಒಂದು ಸೀಟು (ಎಡಗಡೆಯ ಕ್ಯಾಪ್ಟನ್‌ನದೋ, ಬಲಗಡೆಯ ಸಹಪೈಲಟ್ ಅಂದರೆ ಫಸ್ಟ್ ಆಫೀಸರ್‌ನದೋ), ಈ ಮೂರೂ ಸೇರಿದ ಗುಂಪಿನೊಳಗೆ ಹಂಚಿಕೆ ನಡೆಯುತ್ತದೆ. ಕಂಪನಿಯಲ್ಲಿ 5,000ನೇ ನಂಬರಿನವನು ಸಣ್ಣ ವಿಮಾನದ ಫಸ್ಟ್ ಆಫೀಸರ್ ಗುಂಪಿನಲ್ಲಿ ಮೇಲಿನ ಹತ್ತರಲ್ಲಿ ಒಬ್ಬನಾಗಿರಬಹುದು. ಅದೇ ಮನುಷ್ಯ ಬಡ್ತಿ ಪಡೆದು ಕ್ಯಾಪ್ಟನ್ ಆದ ದಿನ ಆ ಗುಂಪಿನ ಕಟ್ಟಕಡೆಗೆ ಬೀಳುತ್ತಾನೆ. ಪಗಾರ ಏರುತ್ತದೆ, ಶನಿವಾರ ಭಾನುವಾರ ಹೋಗುತ್ತವೆ, ಹಬ್ಬ ಹೋಗುತ್ತವೆ. ಅದಕ್ಕೇ ಅಲ್ಲಿ ಮಕ್ಕಳು ಚಿಕ್ಕವರಿರುವಾಗ ಬಡ್ತಿ ಬೇಡವೆಂದು ಬಲಗಡೆಯ ಸೀಟಿನಲ್ಲೇ ಉಳಿಯುವವರು ಕಡಿಮೆಯೇನಲ್ಲ.

ಟ್ರಿಪ್ ಎಂದರೆ ಏನು, ಒಳ್ಳೆಯದು ಯಾವುದು

ಪೈಲಟ್‌ಗಳು ಪೇರಿಂಗ್ ಅಥವಾ ಟ್ರಿಪ್ ಎನ್ನುವುದು ಬೇಸ್‌ನಿಂದ ಹೊರಟು ಬೇಸ್‌ಗೆ ಮರಳುವ ಹಾರಾಟಗಳ ಸರಣಿ. ದೇಶದೊಳಗಿನ ಹಾರಾಟದಲ್ಲಿ ಇದು ಸಾಮಾನ್ಯವಾಗಿ ಒಂದರಿಂದ ನಾಲ್ಕು ದಿನ. ಪ್ರತಿಯೊಂದಕ್ಕೂ ಹಾಜರಾಗುವ ಹೊತ್ತು, ಬಿಡುವ ಹೊತ್ತು, ತಂಗುವ ಊರುಗಳು, ಪಗಾರಕ್ಕೆ ಎಣಿಕೆಯಾಗುವ ಕ್ರೆಡಿಟ್ ಗಂಟೆಗಳು ಇರುತ್ತವೆ.

ತಿಂಗಳಿಗೆ 75 ಕ್ರೆಡಿಟ್ ಗಂಟೆ ಬೇಕೆಂದು ಇಟ್ಟುಕೊಳ್ಳೋಣ. ನಾಲ್ಕು ದಿನಕ್ಕೆ 22 ಗಂಟೆ ಕೊಡುವ ಟ್ರಿಪ್ ಹಿಡಿದವರಿಗೆ ಸುಮಾರು 14 ದಿನ ಬೇಕು. ಬೆಳಿಗ್ಗೆ ಹೋಗಿ ಸಂಜೆ ಮನೆಗೆ ಬರುವ, ದಿನಕ್ಕೆ ಏಳೂವರೆ ಗಂಟೆ ಕೊಡುವ ಟ್ರಿಪ್ ಹಿಡಿದವರಿಗೆ ಹತ್ತೇ ದಿನ ಸಾಕು. ದುಡ್ಡು ಅಷ್ಟೇ, ಮನೆಯಲ್ಲಿ ನಾಲ್ಕು ದಿನ ಹೆಚ್ಚು. ಬೇಸ್ ಇರುವ ಊರಲ್ಲೇ ಮನೆ ಇದ್ದವರು ಇಂಥ ಒಂದು ದಿನದ ಟ್ರಿಪ್‌ಗಳಿಗೆ ಮುಗಿಬೀಳುತ್ತಾರೆ.

ಬೇರೆ ಊರಲ್ಲಿ ಮನೆ ಇದ್ದವರ ಲೆಕ್ಕ ಇದಕ್ಕೆ ತದ್ವಿರುದ್ಧ. ಇಂಥ ಪದ್ಧತಿ ಹೈದರಾಬಾದಿನಲ್ಲಿದ್ದು, ಅಲ್ಲಿ ಬೇಸ್ ಇರುವ ಪೈಲಟ್‌ನ ಮನೆ ಕಲಬುರಗಿಯಲ್ಲಿದೆ ಎಂದುಕೊಳ್ಳಿ. ರಸ್ತೆಯಲ್ಲಿ 220 ಕಿಲೋಮೀಟರಿನ ಆಸುಪಾಸು. ವಾಡಿ, ತಾಂಡೂರು ಮೇಲೆ ಹೋಗುವ ರೈಲೂ ಇದೆ. ಬೆಳಗಿನ ಐದಕ್ಕೆ ಹಾಜರಾಗಬೇಕೆಂದರೆ ಹಿಂದಿನ ಸಂಜೆಯೇ ಹೊರಡಬೇಕು. ಒಂದು ದಿನದ ಟ್ರಿಪ್ ಅವನ ಪಾಲಿಗೆ ಎರಡು ದಿನದ್ದಾಗುತ್ತದೆ. ಹತ್ತು ಟ್ರಿಪ್ ಎಂದರೆ ಹತ್ತು ಸಲ ಹೋಗಿಬರುವ ಓಡಾಟ. ಅವನಿಗೆ ಬೇಕಾದದ್ದು ಮೊದಲ ದಿನ ಮಧ್ಯಾಹ್ನದ ಮೇಲೆ ಶುರುವಾಗಿ, ನಾಲ್ಕನೇ ದಿನ ಮಧ್ಯಾಹ್ನದೊಳಗೆ ಮುಗಿಯುವ ಟ್ರಿಪ್. ಅಮೆರಿಕದಲ್ಲಿ ಬೇಸ್‌ನಿಂದ ದೂರ ವಾಸಿಸುವ ಪೈಲಟ್‌ಗಳು ಹುಡುಕುವುದೂ ಇದನ್ನೇ. ನಂಬರಿನಷ್ಟೇ ಮುಖ್ಯವಾದದ್ದು ನಿಮ್ಮ ಮೇಲಿರುವವರಿಗೆ ಏನು ಬೇಕು ಎಂಬ ಅಂದಾಜು. ಅವರಿಗೆ ಬೇಡವಾದದ್ದು ನಿಮಗೆ ಬೇಕಾದದ್ದಾದರೆ ಕೆಳಗಿನ ನಂಬರಿದ್ದರೂ ತಿಂಗಳು ಚೆನ್ನಾಗಿ ಕೂಡಿಬರುತ್ತದೆ.

ಬಿಡ್ ಬರೆಯುವ ವಿದ್ಯೆ

ಹಿಂದೆಲ್ಲ ಕಂಪನಿ ಇಡೀ ತಿಂಗಳ ಟ್ರಿಪ್‌ಗಳನ್ನು ಜೋಡಿಸಿ ಸಿದ್ಧ ಲೈನ್‌ಗಳನ್ನು, ಅಂದರೆ ಒಬ್ಬೊಬ್ಬರ ತಿಂಗಳ ವೇಳಾಪಟ್ಟಿಗಳನ್ನು, ಅಚ್ಚು ಹಾಕಿ ಕೊಡುತ್ತಿತ್ತು. 40ನೇ ನಂಬರಿನವನು ತನಗಿಷ್ಟವಾದ 40 ಲೈನ್‌ಗಳನ್ನು ಕ್ರಮವಾಗಿ ಬರೆದುಕೊಟ್ಟರೆ ಸಾಕು, ಒಂದಂತೂ ಖಂಡಿತ ಸಿಗುತ್ತಿತ್ತು. ಈಗ ಬಹುಪಾಲು ದೊಡ್ಡ ಕಂಪನಿಗಳಲ್ಲಿ ಆದ್ಯತಾ ಬಿಡ್ಡಿಂಗ್ ಸಾಫ್ಟ್‌ವೇರ್ ಬಂದಿದೆ. ಸಿದ್ಧ ಲೈನ್ ಇಲ್ಲ. ಮುಂದಿನ ತಿಂಗಳ ಟ್ರಿಪ್‌ಗಳ ಪಟ್ಟಿ ಹೊರಬೀಳುತ್ತದೆ, ಕೆಲವು ದಿನಗಳ ಗಡುವಿನೊಳಗೆ ಪ್ರತಿಯೊಬ್ಬರೂ ತಮ್ಮ ಬೇಡಿಕೆಗಳನ್ನು ಮೇಲಿನಿಂದ ಕೆಳಗೆ ಆದ್ಯತೆಯ ಕ್ರಮದಲ್ಲಿ ಬರೆಯುತ್ತಾರೆ: ಇಂಥ ದಿನ ರಜೆ, ಇಂಥ ಊರಿನ ತಂಗುದಾಣ, ಬೆಳಿಗ್ಗೆ ಎಂಟರ ಮೊದಲು ಹಾಜರಾತಿ ಬೇಡ, ಹೀಗೆ. ಇದೇ ಬಿಡ್. ರಜೆ, ತರಬೇತಿ, ಹಿಂದಿನ ತಿಂಗಳಿಂದ ದಾಟಿಬಂದ ಟ್ರಿಪ್ ಇವೆಲ್ಲ ಮೊದಲೇ ಕ್ಯಾಲೆಂಡರಿನಲ್ಲಿ ಕೂತಿರುತ್ತವೆ. ಗಡುವು ಮುಗಿದ ಮೇಲೆ ಕಂಪ್ಯೂಟರ್ ಒಂದನೇ ನಂಬರಿನಿಂದ ಶುರುಮಾಡಿ ಒಬ್ಬೊಬ್ಬರ ತಿಂಗಳನ್ನು ಕಟ್ಟುತ್ತ ಇಳಿಯುತ್ತದೆ. ಮೇಲಿನವರು ತೆಗೆದುಕೊಂಡು ಉಳಿದದ್ದು ಮಾತ್ರ ಕೆಳಗಿನವರಿಗೆ.

ಇಲ್ಲಿ ಒಂದು ಷರತ್ತು ಎಲ್ಲರ ಮೇಲೂ ಇದೆ. ಪ್ರತಿ ದಿನದ ಎಲ್ಲ ಟ್ರಿಪ್‌ಗೂ ಜನ ಸಿಗಲೇಬೇಕು. ನೂರು ಫಸ್ಟ್ ಆಫೀಸರ್‌ಗಳ ಗುಂಪಿನಲ್ಲಿ ದೀಪಾವಳಿಯ ದಿನ 70 ಮಂದಿ ಬೇಕೆನ್ನಿ. ರಜೆ ಸಿಗುವುದು 30 ಜನಕ್ಕೆ. ಅದರಲ್ಲಿ ಎಂಟು ಮಂದಿ ಆಗಲೇ ವಾರ್ಷಿಕ ರಜೆ, ತರಬೇತಿಯಲ್ಲಿದ್ದರೆ ಉಳಿದದ್ದು 22. ಮೇಲಿನಿಂದ ಇಳಿಯುತ್ತ ಕೇಳಿದವರಿಗೆಲ್ಲ ಕೊಟ್ಟು ಆ 22 ಮುಗಿದ ಕೂಡಲೇ ಬಾಗಿಲು ಮುಚ್ಚುತ್ತದೆ. 60ನೇ ನಂಬರಿನವನು ದೀಪಾವಳಿ ರಜೆಯನ್ನು ತನ್ನ ಬೇಡಿಕೆಗಳಲ್ಲಿ ಎಲ್ಲಕ್ಕಿಂತ ಮೇಲೆ ಬರೆದರೂ ಪ್ರಯೋಜನವಿಲ್ಲ.

ಆದರೆ ಅದೇ 60ನೇ ನಂಬರಿನವನು ಶರಣಬಸವೇಶ್ವರರ ರಥೋತ್ಸವದ ದಿನ ರಜೆ ಕೇಳಿದರೆ? ಅದು ಬರುವುದು ಹೋಳಿಯಾದ ಐದನೇ ದಿನಕ್ಕೆ. ಹೋಳಿ ಹಬ್ಬಕ್ಕೆ ಗುಂಪಿನ ಅರ್ಧ ಜನ ರಜೆ ಕೇಳಿರುತ್ತಾರೆ. ಐದನೇ ದಿನ ಕೇಳುವವರು ಕಲಬುರಗಿ ಸೀಮೆಯವರು ಮಾತ್ರ. 85ನೇ ನಂಬರಿಗೂ ಆ ದಿನ ಸಿಗುವ ಸಾಧ್ಯತೆ ಚೆನ್ನಾಗಿದೆ. ಕೆಳಗಿನ ನಂಬರಿನವರು ಬಿಡ್ ಬರೆಯುವ ಮುನ್ನ ಮಾಡಬೇಕಾದ ಮೊದಲ ಕೆಲಸ ಇದೇ: ಹೋದ ತಿಂಗಳುಗಳ ಹಂಚಿಕೆ ತೆಗೆದು, ತಮ್ಮ ನಂಬರಿನ ಆಚೀಚೆ ಇರುವವರಿಗೆ ಯಾವ ದಿನ ಸಿಕ್ಕಿತು, ಯಾವುದು ಸಿಗಲಿಲ್ಲ ಎಂದು ನೋಡುವುದು.

ಎಡವುವುದು ಹೆಚ್ಚಾಗಿ ರಜೆಯ ದಿನಗಳನ್ನು ಚದುರಿಸಿ ಕೇಳುವುದರಲ್ಲಿ. 5, 10, 15, 20, 25ನೇ ತಾರೀಖು ರಜೆ ಬೇಕೆಂದು ಬರೆದರೆ ನಡುವೆ ಉಳಿಯುವುದು ನಾಲ್ಕು ನಾಲ್ಕು ದಿನದ ಸಂದು. ನಾಲ್ಕು ದಿನದ ಟ್ರಿಪ್ ಅದರೊಳಗೆ ಕೂರಬೇಕಾದರೆ ಸರಿಯಾಗಿ 6, 11, 16, 21ಕ್ಕೇ ಶುರುವಾಗಬೇಕು. ಆ ತಾರೀಖಿನ ಟ್ರಿಪ್‌ಗಳನ್ನು ಮೇಲಿನವರು ಎತ್ತಿಕೊಂಡಿದ್ದರೆ ತಿಂಗಳ ಕನಿಷ್ಠ ಗಂಟೆ ತುಂಬುವುದಿಲ್ಲ. ಆಗ ಸಾಫ್ಟ್‌ವೇರ್ ಬೇಡಿಕೆಗಳನ್ನು ಕೆಳಗಿನಿಂದ ಒಂದೊಂದಾಗಿ ಕಿತ್ತುಹಾಕುತ್ತ ಬರುತ್ತದೆ, ತಿಂಗಳು ತುಂಬುವವರೆಗೂ. ಐದು ದಿನವನ್ನು ಒಂದೇ ಕಡೆ, 11ರಿಂದ 15ರವರೆಗೆ ಕೇಳಿದ್ದರೆ ಎರಡೂ ಬದಿಗೆ ಧಾರಾಳ ಜಾಗ ಇರುತ್ತಿತ್ತು. ಬಿಟ್ಟುಕೊಡಲು ಸಾಧ್ಯವೇ ಇಲ್ಲದ್ದು ತುದಿಯಲ್ಲಿ, ಸಿಕ್ಕರೆ ಒಳ್ಳೆಯದು ಎನ್ನುವಂಥದ್ದು ಬುಡದಲ್ಲಿ ಇರಬೇಕೆನ್ನುವುದೂ ಇದೇ ಕಾರಣಕ್ಕೆ. ಕಿತ್ತುಹಾಕುವ ಕೈ ಬುಡದಿಂದ ಬರುತ್ತದೆ.

ಇನ್ನೊಂದು ತಪ್ಪು, ಬೇಡ ಎನ್ನುವುದನ್ನೇ ಉದ್ದಕ್ಕೂ ಬರೆಯುವುದು. ಆ ಊರು ಬೇಡ, ರಾತ್ರಿ ಬೇಡ, ಬೆಳಗಿನ ಜಾವ ಬೇಡ, ದಿನಕ್ಕೆ ಮೂರಕ್ಕಿಂತ ಹೆಚ್ಚು ಇಳಿತ ಬೇಡ ಎಂದರೆ ಕೆಳಗಿನ ನಂಬರಿಗೆ ಉಳಿದ ಟ್ರಿಪ್‌ಗಳೆಲ್ಲ ಆ ಜಾತಿಯವೇ ಆಗಿರುತ್ತವೆ. ಎಲ್ಲ ಬೇಡಿಕೆಯೂ ಕಳಚಿಬಿದ್ದು ಕಂಪ್ಯೂಟರ್ ತನಗೆ ತೋಚಿದ್ದನ್ನು ಕೊಡುತ್ತದೆ. ಕೆಟ್ಟದ್ದರಲ್ಲಿ ಯಾವುದನ್ನು ಸಹಿಸಬಲ್ಲೆ ಎಂದು ತಾವೇ ಬರೆದರೆ ಆಯ್ಕೆ ಕೊನೆಯವರೆಗೂ ತಮ್ಮ ಕೈಯಲ್ಲಿರುತ್ತದೆ. ಹಂಚಿಕೆ ಬಂದ ಮೇಲೆ ಯಾವ ಬೇಡಿಕೆ ಏಕೆ ಸಿಗಲಿಲ್ಲವೆಂದು ತೋರಿಸುವ ಕಾರಣಗಳ ವರದಿಯೂ ಸಿಗುತ್ತದೆ. ಅದನ್ನು ಓದದೆ ಹೋದ ತಿಂಗಳ ಬಿಡ್ಡನ್ನೇ ಮತ್ತೆ ಕಳಿಸುವವರು ಅದೇ ತಪ್ಪನ್ನು ವರ್ಷಗಟ್ಟಲೆ ಹೊರುತ್ತಾರೆ.

ರಿಸರ್ವ್

ಪಟ್ಟಿಯ ಬಾಲದಲ್ಲಿ ಇದ್ದವರಿಗೆ ಲೈನ್ ಸಿಗುವುದಿಲ್ಲ, ರಿಸರ್ವ್ ಸಿಗುತ್ತದೆ. ಯಾರೋ ಕಾಯಿಲೆ ಬಿದ್ದರೆ, ವಿಮಾನ ತಡವಾಗಿ ಡ್ಯೂಟಿಯ ಗಂಟೆ ಮೀರಿದರೆ ಫೋನ್ ಬರುತ್ತದೆ. ಕೆಲವರಿಗೆ ಕರೆ ಬಂದ ಮೇಲೆ ಅರ್ಧ ದಿನದಷ್ಟು ಸಮಯ ಇರುತ್ತದೆ. ಇನ್ನು ಕೆಲವರು ಎರಡು ಗಂಟೆಯ ಆಸುಪಾಸಿನಲ್ಲಿ ನಿಲ್ದಾಣದಲ್ಲಿರಬೇಕು. ಎರಡನೆಯದಾದರೆ ಕಲಬುರಗಿಯಲ್ಲಿ ಕೂತು ಹೈದರಾಬಾದಿನ ಶಂಷಾಬಾದ್ ನಿಲ್ದಾಣಕ್ಕೆ ಮುಟ್ಟುವ ಮಾತೇ ಇಲ್ಲ. ನಿಲ್ದಾಣದ ಹತ್ತಿರ ನಾಲ್ಕೈದು ಪೈಲಟ್‌ಗಳು ಸೇರಿ ಬಾಡಿಗೆಗೆ ಹಿಡಿದ ರೂಮಿನಲ್ಲಿ ದಿನ ಕಳೆಯಬೇಕು. ಹಾರದಿದ್ದರೂ ಕನಿಷ್ಠ ಗಂಟೆಯ ಪಗಾರ ಸಿಗುತ್ತದೆ, ದಿನ ಮಾತ್ರ ಸಿಗುವುದಿಲ್ಲ. ಕಂಪನಿ ಬೆಳೆಯುತ್ತಿದ್ದರೆ ಇದು ಕೆಲವು ತಿಂಗಳ ಮಾತು, ನೇಮಕಾತಿ ನಿಂತರೆ ವರ್ಷಗಳ ಮಾತು.

ಪಟ್ಟಿ ಮುರಿದಾಗ

ಈ ಯಂತ್ರ ಎಷ್ಟು ನಾಜೂಕಿನದು ಎಂಬುದಕ್ಕೆ 2017ರ ಅಮೆರಿಕನ್ ಏರ್‌ಲೈನ್ಸ್ ಪ್ರಕರಣ ಸಾಕ್ಷಿ. ಹಂಚಿಕೆಯಾದ ಮೇಲೆ ಪೈಲಟ್‌ಗಳು ತಮ್ಮ ಟ್ರಿಪ್‌ಗಳನ್ನು ಅದಲುಬದಲು ಮಾಡಬಹುದು. ಬದಲಿ ಜನ ಸಾಕಷ್ಟಿದ್ದರೆ ಬಿಟ್ಟೂ ಬಿಡಬಹುದು. ಆ ನವೆಂಬರಿನಲ್ಲಿ ಸಾಫ್ಟ್‌ವೇರ್ ದೋಷದಿಂದ, ಬದಲಿ ಜನ ಇದ್ದಾರೋ ಇಲ್ಲವೋ ನೋಡದೆ ಕ್ರಿಸ್‌ಮಸ್ ವಾರಗಳ ಟ್ರಿಪ್ ಬಿಡಲು ಅವಕಾಶವಾಯಿತು. ಪೈಲಟ್ ಸಂಘದ ಲೆಕ್ಕದಂತೆ 15,000ಕ್ಕೂ ಹೆಚ್ಚು ಹಾರಾಟಗಳಿಗೆ ಪೈಲಟ್‌ಗಳೇ ಇಲ್ಲದಂತಾಯಿತು. ಕಂಪನಿ ಒಂದೂವರೆ ಪಟ್ಟು ಪಗಾರ ಕೊಡುವುದಾಗಿ ಹೇಳಿ ಜನ ಹೊಂದಿಸಬೇಕಾಯಿತು.

ಅದಕ್ಕಿಂತ ಆಳವಾದ ಗಾಯವಾಗುವುದು ಎರಡು ಕಂಪನಿಗಳು ಒಂದಾದಾಗ. ಎರಡು ಪಟ್ಟಿಗಳನ್ನು ಹೇಗೆ ಹೆಣೆಯಬೇಕು? ಸೇರಿದ ದಿನಾಂಕದಂತೆಯೋ, ತಂತಮ್ಮ ಕಂಪನಿಯಲ್ಲಿದ್ದ ಸ್ಥಾನದಂತೆಯೋ? 2005ರಲ್ಲಿ ಯುಎಸ್ ಏರ್‌ವೇಸ್ ಮತ್ತು ಅಮೆರಿಕ ವೆಸ್ಟ್ ಒಂದಾದವು. 2007ರ ಪಂಚಾಯಿತಿ ತೀರ್ಪಿನಲ್ಲಿ, ಹೆಚ್ಚು ವರ್ಷ ದುಡಿದೂ ಕೆಲಸದಿಂದ ತಾತ್ಕಾಲಿಕವಾಗಿ ಹೊರಗಿದ್ದ ಯುಎಸ್ ಏರ್‌ವೇಸ್ ಪೈಲಟ್‌ಗಳು, ಇತ್ತೀಚೆಗೆ ಸೇರಿದ ಅಮೆರಿಕ ವೆಸ್ಟ್ ಪೈಲಟ್‌ಗಳ ಕೆಳಗೆ ಬಂದರು. ಯುಎಸ್ ಏರ್‌ವೇಸ್‌ನವರು ಹಳೆಯ ಸಂಘವನ್ನೇ ಕಿತ್ತುಹಾಕಿ ಬೇರೆ ಸಂಘ ಕಟ್ಟಿದರು. ಸುಮಾರು ಒಂದು ದಶಕ ಎರಡೂ ಗುಂಪುಗಳು ಬೇರೆಬೇರೆ ಪಟ್ಟಿಯ ಮೇಲೆಯೇ ಹಾರಿದವು.

ನಮ್ಮಲ್ಲೂ ಇದು ನಡೆದಿದೆ. 2007ರಲ್ಲಿ ಏರ್ ಇಂಡಿಯಾ ಮತ್ತು ಇಂಡಿಯನ್ ಏರ್‌ಲೈನ್ಸ್ ಒಂದಾದವು. ಹೊಸ ಬೋಯಿಂಗ್ 787ರ ತರಬೇತಿಗೆ ಯಾರು ಮೊದಲು ಹೋಗಬೇಕೆಂಬ ಜಗಳ 2012ರ ಮೇನಲ್ಲಿ ಮುಷ್ಕರವಾಗಿ, 58 ದಿನ ನಡೆಯಿತು. ಅಷ್ಟರಲ್ಲಿ, ಎರಡೂ ಕಡೆಯ ನೌಕರರನ್ನು ಹೇಗೆ ಹೊಂದಿಸಬೇಕೆಂದು ಹೇಳಲು ನೇಮಿಸಿದ್ದ ನ್ಯಾಯಮೂರ್ತಿ ಧರ್ಮಾಧಿಕಾರಿ ಸಮಿತಿಯ ವರದಿ ಬಂದು ತಿಂಗಳುಗಳೇ ಆಗಿದ್ದವು. ದೊಡ್ಡ ವಿಮಾನದ ಸೀಟು ಎಂದರೆ ಪಗಾರ ಮಾತ್ರವಲ್ಲ, ಮುಂದಿನ ಇಪ್ಪತ್ತು ವರ್ಷದ ಸ್ಥಾನವೂ ಹೌದು. ಹೊರಗಿನವರಿಗೆ ಅದು ಹಟವಾಗಿ ಕಂಡಿದ್ದು ಈ ಲೆಕ್ಕ ಗೊತ್ತಿಲ್ಲದ್ದರಿಂದ.

ನಂಬರು ಕೊಡದ ರಕ್ಷಣೆ

ಭಾರತದಲ್ಲಿ ಕ್ಯಾಪ್ಟನ್ ಬಡ್ತಿಗೆ, ದೊಡ್ಡ ವಿಮಾನಕ್ಕೆ ಹೋಗಲು ಸೀನಿಯಾರಿಟಿ ಲೆಕ್ಕಕ್ಕಿದೆ. ತಿಂಗಳ ರೋಸ್ಟರ್ ಮಾತ್ರ ಬಹುಮಟ್ಟಿಗೆ ಕಂಪನಿಯದೇ. ಬಸ್ ಡಿಪೋದಲ್ಲಿ ಯಾವ ರೂಟು ಯಾರಿಗೆ ಎಂಬ ಜಗ್ಗಾಟ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ರಜೆಗೆ ಕೋರಿಕೆ ಹಾಕಬಹುದು. ಸಿಗದಿದ್ದರೆ ಏಕೆ ಸಿಗಲಿಲ್ಲವೆಂದು ತನ್ನ ನಂಬರು ತೋರಿಸಿ ಕೇಳುವ ಹಕ್ಕಿಲ್ಲ. ಹೀಗಾಗಿ ಪೈಲಟ್‌ನ ದಣಿವಿಗೆ ಅಡ್ಡ ನಿಲ್ಲುವುದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಡ್ಯೂಟಿ ಗಂಟೆಗಳ ನಿಯಮ ಮಾತ್ರ.

ಆ ನಿಯಮವನ್ನು ಬಿಗಿಗೊಳಿಸಲು 2024ರ ಜನವರಿಯಲ್ಲಿ ಆದೇಶವಾಯಿತು. ಕಂಪನಿಗಳು ಸಮಯ ಕೇಳಿದವು, ವಿಷಯ ದೆಹಲಿ ಹೈಕೋರ್ಟಿಗೆ ಹೋಯಿತು, ಕಡೆಗೆ ಎರಡು ಹಂತದಲ್ಲಿ ಜಾರಿಗೆ ಬಂತು. 2025ರ ಜುಲೈ 1ರಿಂದ ವಾರದ ವಿಶ್ರಾಂತಿ 36 ಗಂಟೆಯಿಂದ 48ಕ್ಕೆ ಏರಿತು. ನವೆಂಬರ್ 1ರಿಂದ ರಾತ್ರಿಯೆಂದರೆ 12ರಿಂದ ಬೆಳಿಗ್ಗೆ 6ರವರೆಗೆ ಎಂದಾಯಿತು, ಆ ಹೊತ್ತಿನಲ್ಲಿ ಆರು ಇಳಿತದ ಬದಲು ಎರಡೇ ಎಂದಾಯಿತು. ವಾರದ 168 ಗಂಟೆಯಲ್ಲಿ ಮೊದಲು ವಿಶ್ರಾಂತಿ ಕಳೆದು 132 ಉಳಿಯುತ್ತಿತ್ತು, ಈಗ 120. ಅಂದರೆ ಪ್ರತಿ ಪೈಲಟ್‌ನಿಂದ ಸಿಗುವ ಸಮಯ ಶೇಕಡಾ 9ರಷ್ಟು ಕಡಿಮೆ. ರಾತ್ರಿ ನಾಲ್ಕು ಇಳಿತ ಮಾಡುತ್ತಿದ್ದ ಜೋಡಿಯ ಕೆಲಸಕ್ಕೆ ಈಗ ಎರಡು ಜೋಡಿ ಬೇಕು. ಇದು ಎರಡು ವರ್ಷ ಮೊದಲೇ ಕಾಗದದ ಮೇಲೆ ಮಾಡಬಹುದಾಗಿದ್ದ ಲೆಕ್ಕ.

ಡಿಸೆಂಬರಿನ ಮೊದಲ ವಾರ ಇಂಡಿಗೋ ಸಾವಿರಾರು ಹಾರಾಟ ರದ್ದು ಮಾಡಿತು. 5ನೇ ತಾರೀಖು ಒಂದೇ ದಿನ ಸಾವಿರಕ್ಕೂ ಹೆಚ್ಚು. ನಿರ್ದೇಶನಾಲಯ 2026ರ ಫೆಬ್ರುವರಿ 10ರವರೆಗೆ ಆ ಕಂಪನಿಗೆ ರಾತ್ರಿ ನಿಯಮಗಳಿಂದ ವಿನಾಯಿತಿ ಕೊಟ್ಟಿತು. ವಾರದ ವಿಶ್ರಾಂತಿಯ ಬದಲಿಗೆ ರಜೆಯನ್ನು ಎಣಿಸಬಾರದೆಂಬ ಸೂಚನೆಯನ್ನೂ ಹಿಂದಕ್ಕೆ ಪಡೆಯಿತು. ಸಿಕ್ಕಿಬಿದ್ದ ಪ್ರಯಾಣಿಕರಿಗೆ ವಿಮಾನ ಬೇಕಿತ್ತು, ನಿಜ. ಆದರೆ ಜನ ಹೊಂದಿಸದ ಕಂಪನಿಯ ತಪ್ಪಿಗೆ ಪೈಲಟ್‌ನ ನಿದ್ದೆಯನ್ನು ಅಡವಿಟ್ಟದ್ದು ಸರಿಯಲ್ಲ. ಹಂಚಿಕೆಯ ನಿಯಮ ಒಪ್ಪಂದದಲ್ಲಿ ಬರೆದಿರುವ ಕಡೆ ಕಂಪನಿ ಇಂಥ ಹೊತ್ತಿನಲ್ಲಿ ಹೆಚ್ಚು ದುಡ್ಡು ಕೊಟ್ಟು ಜನರನ್ನು ಕರೆಯಬೇಕಾಗುತ್ತದೆ, 2017ರಲ್ಲಿ ಆದಂತೆ. ನಮ್ಮಲ್ಲಿ ಸರ್ಕಾರದಿಂದ ವಿನಾಯಿತಿ ಕೇಳಿದರಾಯಿತು.

ಅಮೆರಿಕದ ಪದ್ಧತಿಯನ್ನು ಇಡಿಯಾಗಿ ತರಬೇಕೆಂದೇನೂ ಇಲ್ಲ. ಅದರ ದೊಡ್ಡ ಅನ್ಯಾಯವೆಂದರೆ ನಂಬರು ಕಂಪನಿಯ ಜೊತೆಗೇ ಸಾಯುತ್ತದೆ. ಈ ಅಪಾಯ ಹೊಸ ಪೈಲಟ್‌ಗಳಿಗೆ ಇಲ್ಲೂ ಇದೆ. ಜೆಟ್ ಏರ್‌ವೇಸ್ 2019ರ ಏಪ್ರಿಲಿನಲ್ಲಿ, ಗೋ ಫಸ್ಟ್ 2023ರ ಮೇನಲ್ಲಿ ನಿಂತವು. 2020ರ ಫೆಬ್ರುವರಿಯಲ್ಲಿ ಬೀದರ್‌ನಿಂದ ಬೆಂಗಳೂರಿಗೆ ಹಾರಾಟ ಆರಂಭಿಸಿದ ಟ್ರೂಜೆಟ್ ಎರಡೇ ವರ್ಷದಲ್ಲಿ ಹಾರುವುದನ್ನೇ ನಿಲ್ಲಿಸಿತು. ಅಲ್ಲಿ ಮೇಲಿನ ಸಾಲಿನಲ್ಲಿದ್ದವರೂ ಬೇರೆಡೆ ಸೇರುವಾಗ ಸಾಮಾನ್ಯವಾಗಿ ಹೊಸ ಪಟ್ಟಿಯ ಬುಡದಿಂದಲೇ ಏರಬೇಕು. ಇಲ್ಲಿಗೆ ತರಬೇಕಾದದ್ದು ಎರಡು: ಎಲ್ಲರ ಕಣ್ಣಿಗೂ ಕಾಣುವ ಹಂಚಿಕೆಯ ಕ್ರಮ, ಮತ್ತು ಕೋರಿಕೆ ತಿರಸ್ಕಾರವಾದಾಗ ಕಾರಣ ಬರೆದುಕೊಡುವ ಕಡ್ಡಾಯ. ಎರಡಕ್ಕೂ ಸಾಫ್ಟ್‌ವೇರ್ ಇದೆ.

ಪೈಲಟ್ ಲೈಸೆನ್ಸಿಗೆ ಬೇಕಾದ 200 ಗಂಟೆ ಹಾರಾಟ ಮುಗಿಸಿ ನೌಕರಿ ಹುಡುಕುವವರು ಪಗಾರದ ಜೊತೆಗೆ ಇನ್ನೂ ಕೆಲವನ್ನು ಕೇಳಿ ತಿಳಿಯಬೇಕು. ಬೇಸ್ ಯಾವುದು, ಅದನ್ನು ಬದಲಾಯಿಸಲು ಕ್ರಮವೇನು? ರೋಸ್ಟರ್ ಎಷ್ಟು ದಿನ ಮೊದಲು ಕೈಗೆ ಬರುತ್ತದೆ, ಬಂದ ಮೇಲೆ ಎಷ್ಟು ಸಲ ಬದಲಾಗುತ್ತದೆ? ಸ್ಟ್ಯಾಂಡ್‌ಬೈ ದಿನಗಳೆಷ್ಟು, ಕರೆ ಬಂದ ಮೇಲೆ ಎಷ್ಟು ಹೊತ್ತಿನಲ್ಲಿ ಹಾಜರಾಗಬೇಕು? ಒಂದೇ ಬ್ಯಾಚಿನವರಲ್ಲಿ ಸೀನಿಯಾರಿಟಿ ಹೇಗೆ ನಿಗದಿಯಾಗುತ್ತದೆ? ಕ್ಯಾಪ್ಟನ್ ಆಗಲು ಸದ್ಯ ಎಷ್ಟು ವರ್ಷ ಹಿಡಿಯುತ್ತಿದೆ? ಇವುಗಳಿಗೆ ಸರಿಯಾಗಿ ಉತ್ತರಿಸಬಲ್ಲವರು ಅದೇ ಕಂಪನಿಯಲ್ಲಿ ಎರಡು ವರ್ಷದ ಹಿಂದೆ ಸೇರಿದ ಫಸ್ಟ್ ಆಫೀಸರ್‌ಗಳು. ಅವರ ಕಳೆದ ಮೂರು ತಿಂಗಳ ರೋಸ್ಟರ್ ಒಮ್ಮೆ ನೋಡಲು ಸಿಕ್ಕರೆ ನೇಮಕಾತಿ ಪತ್ರದಲ್ಲಿ ಇಲ್ಲದ್ದೆಲ್ಲ ಅದರಲ್ಲಿ ಕಾಣುತ್ತದೆ.